ರಾಡ್ ಮುರಿಯುವವರೆಗೆ ಕಾಯಬೇಡಿ

ಪುಣೆಯಲ್ಲಿ ಭಾನುವಾರ ರಿಮೋಟ್ ಕಾರು ಓಡಿಸುವ ನಮ್ಮ ಗುಂಪಿನಲ್ಲಿ ನಾನು ಮತ್ತೆ ಮತ್ತೆ ಕೇಳುವ ಮಾತು: ‘ಎಂಜಿನ್ ಓಡ್ತಾ ಇದೆಯಲ್ಲ, ಈಗ್ಯಾಕೆ ಬಿಚ್ಚೋದು?’ ಇದನ್ನು ನಾನು ಒಪ್ಪುವುದಿಲ್ಲ.

3.5 ಸಿಸಿಯ ನೈಟ್ರೊ ಎಂಜಿನ್ ನಿಮಿಷಕ್ಕೆ 30,000 ಸುತ್ತು ದಾಟುತ್ತದೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿಗೆ ಇಂಧನದಲ್ಲಿ ಬೆರೆತ ಎಣ್ಣೆಯೊಂದೇ ಆಸರೆ. ಮಿಶ್ರಣದಲ್ಲಿ ಇಂಧನ ಕಡಿಮೆಯಾದರೆ ಎಣ್ಣೆಯೂ ಕಡಿಮೆ; ರಾಡಿನ ಕೆಳತುದಿಯ ಕಂಚಿನ ಬುಷ್ ಬೇಗ ಸವೆಯುತ್ತದೆ. ತಣ್ಣಗಿರುವಾಗ ಸ್ಲೀವ್‌ನ ಮೇಲ್ತುದಿ ಪಿಸ್ಟನ್ನನ್ನು ಬಿಗಿಯಾಗಿ ಹಿಡಿದಿರುತ್ತದೆ. ಬಿಸಿ ಮಾಡದೆ ಸ್ಟಾರ್ಟ್ ಮಾಡಿದರೆ ಆ ಎಳೆತವೂ ರಾಡಿನ ಮೇಲೆಯೇ.

ಪರೀಕ್ಷೆ ಸುಲಭ. ಹಿಂಬದಿಯ ಮುಚ್ಚಳ ತೆಗೆದು, ಪಿಸ್ಟನ್ ಕೆಳಗಿರುವಾಗ ರಾಡನ್ನು ಮೇಲೆ ಕೆಳಗೆ ಅಲುಗಾಡಿಸಿ. ಸಡಿಲ ಕೈಗೆ ಸಿಕ್ಕರೆ ಬದಲಿಸಿ. ಹೊಸ ರಾಡಿನ ಎಣ್ಣೆ ರಂಧ್ರ ಹಳೆಯದರ ದಿಕ್ಕಿಗೇ ಇರಲಿ, ಪಿನ್ನಿನ ಕ್ಲಿಪ್ಪೂ ಹೊಸದಿರಲಿ.

ರಾಡ್ ಮುರಿದರೆ ಪಿಸ್ಟನ್, ಸ್ಲೀವ್, ಕೆಲವೊಮ್ಮೆ ಕ್ರ್ಯಾಂಕ್‌ಕೇಸೂ ಹೋಗುತ್ತದೆ. ಬಿಡಿಭಾಗ ಹೊರದೇಶದಿಂದ ಬರಬೇಕಾದರೆ ಸೀಸನ್ನೇ ಮುಗಿದಿರುತ್ತದೆ. ಎಂಜಿನ್ ಕೊಳ್ಳುವಾಗಲೇ ಇನ್ನೊಂದು ರಾಡ್ ಕೊಂಡಿಡಿ. ಸುಟ್ಟ ಇಂಧನದ ಲೆಕ್ಕ ಬರೆದಿಟ್ಟು, ಮುರಿಯುವ ಮೊದಲೇ ಬದಲಿಸಿ.