ತೆರೆಯ ಮೇಲಣ ಲೇಸರ್ ಕಿರಣವೂ ನಮ್ಮ ಬಾಲಿಕೆಯರೂ

ಪೋಷಕರಲ್ಲಿ ಕೆಲವರು ಈಚೆಗೆ ನಮ್ಮನ್ನು ಕಂಡು, “ಅಮ್ಮನವರೇ, ಬೆಳಕಿನ ಪಾಠವನ್ನೆಲ್ಲ ಕಂಪ್ಯೂಟರಿನಲ್ಲಿಯೇ ತೋರಿಸಬಹುದಾಗಿರುವಾಗ ಗಾಜಿನ ಫಲಕ, ಮಸೂರ, ಗುಂಡುಸೂಜಿಗಳಿಗಾಗಿ ಹಣವನ್ನೇಕೆ ವ್ಯಯಮಾಡುವಿರಿ?” ಎಂದು ಕೇಳಿರುವರು. ಪ್ರಶ್ನೆಯು ನ್ಯಾಯವಾದುದೇ. ಹಣವು ಅವರದಾದುದರಿಂದ ಉತ್ತರ ಹೇಳುವುದು ನಮ್ಮ ಕರ್ತವ್ಯವಾಗಿರುವುದು.

ಕಂಪ್ಯೂಟರನ್ನು ನಾವು ಹಳಿಯುವವರಲ್ಲ. ಅಮೆರಿಕೆಯ ಕೊಲೊರಾಡೊ ವಿಶ್ವವಿದ್ಯಾನಿಲಯದಲ್ಲಿ, ನೊಬೆಲ್ ಪಾರಿತೋಷಕವನ್ನು ಪಡೆದ ಕಾರ್ಲ್ ವೀಮನ್ ಎಂಬವರು 2002ರಲ್ಲಿ ಆರಂಭಿಸಿದ ‘ಫೆಟ್’ ಪಾಠಗಳು ಬೆಲೆಯಿಲ್ಲದೆ ದೊರೆಯುವುವು. ಅವುಗಳಲ್ಲಿ ಬೆಳಕಿನ ಬಾಗುವಿಕೆಯನ್ನು ಕುರಿತದ್ದೊಂದು. ಕೆಂಪು ಗುಂಡಿಯನ್ನೊತ್ತಿದರೆ ಲೇಸರ್ ಹೊತ್ತಿ, ಗಾಳಿಯಿಂದ ನೀರಿಗೆ ಓರೆಯಾಗಿ ಇಳಿಯುವ ಕಿರಣವು ಬಾಗುವುದು. ನೀರಿಗೆ ಬದಲಾಗಿ ಗಾಜನ್ನಿಟ್ಟರೆ ಇನ್ನೂ ಹೆಚ್ಚಾಗಿ ಬಾಗುವುದು. ಸ್ನೆಲ್‌ನ ನಿಯಮವನ್ನು ಒಂದೇ ಪಿರಿಯಡ್ಡಿನಲ್ಲಿ ಇಪ್ಪತ್ತು ಕೋನಗಳಿಗೆ ಪರೀಕ್ಷಿಸಬಹುದು. ಸೂಜಿಗಳಿಂದಾದರೋ ನಾಲ್ಕು ಕೋನಗಳಾದರೆ ಹೆಚ್ಚು.

ಆದರೆ ತೆರೆಯ ಮೇಲಿರುವುದು ಬೆಳಕಲ್ಲ, ರೇಖಾಗಣಿತ. ಅಲ್ಲಿ ಕಿರಣವು ಪಕ್ಕದಿಂದ ಕಾಣುವುದು. ನಿಜವಾದ ಲೇಸರ್ ಹಾಗೆ ಕಾಣಬೇಕಾದರೆ ಗಾಳಿಯಲ್ಲಿ ಧೂಳೋ ಹೊಗೆಯೋ ಇರಬೇಕು. 2001ರಲ್ಲಿ ಗಣಿಗಳು ಮುಚ್ಚುವ ಮೊದಲು ಸುರಂಗಗಳಲ್ಲಿ ದುಡಿದ ತಾತಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಟೋಪಿಯ ದೀಪದ ಬೆಳಕು ಧೂಳಿನಲ್ಲಿ ಕೋಲಿನಂತೆ ನಿಲ್ಲುವುದನ್ನು ಅವರು ಬಲ್ಲರು.

ಇದಕ್ಕಿಂತ ದೊಡ್ಡ ಕೊರತೆಯೊಂದುಂಟು. ತೆರೆಯ ಗೆರೆಯು ಎಷ್ಟು ದೂರ ಹೋದರೂ ದಪ್ಪವಾಗದು. ನಿಜವಾದ ಕಿರಣವು ತರಂಗವಾದುದರಿಂದ ಹರಡಿಯೇ ತೀರುವುದು. ನಮ್ಮ ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಮಿಗಿಲಾದ ಆಳವನ್ನು ಮುಟ್ಟಿತ್ತಷ್ಟೆ. 3 ಕಿಲೋಮೀಟರು ಆಳದ, ನೆಟ್ಟಗಿರುವ ಬಾವಿಯೊಂದನ್ನು ಊಹಿಸಿ, ಅದರ ಬಾಯಿಂದ 1 ಮಿಲಿಮೀಟರು ಅಗಲದ ಕೆಂಪು ಲೇಸರನ್ನು ಕೆಳಕ್ಕೆ ಬಿಟ್ಟರೆ, ತಳದಲ್ಲಿ ಅದು ಸುಮಾರು 2.4 ಮೀಟರು ಅಗಲವಾಗುವುದು. ಎರಡೇ ಆಯಾಮಗಳ ಲೆಕ್ಕದಲ್ಲಿ ಈ ಹರಡುವಿಕೆಯನ್ನು ಸೇರಿಸಿದರೂ ಸಾಲದು: ಕಾಗದದ ಮೇಲಣ ಬೆಳಕಿಗೆ ಅಗಲವೊಂದೇ, ಆದುದರಿಂದ ಅದು ಸುಮಾರು 2,400 ಪಾಲು ಮಂಕಾಗುವುದು, ನಿಜವಾದುದು ನಾಲ್ಕೂ ದಿಕ್ಕಿಗೆ ಹರಡುವುದರಿಂದ ಸುಮಾರು 58 ಲಕ್ಷ ಪಾಲು ಮಂಕಾಗುವುದು!

ಇಷ್ಟೆಲ್ಲ ಲೆಕ್ಕವು ಹೈಸ್ಕೂಲಿನ ಮಕ್ಕಳಿಗೇತಕ್ಕೆ ಎನ್ನುವಿರಾ? ಕಳೆದ ವರ್ಷ ಬಂಗಾರಪೇಟೆಯಿಂದ ರೈಲಿನಲ್ಲಿ ಬರುವ ಬಾಲಿಕೆಯೊಬ್ಬಳು, ಸೂಜಿಗಳಿಂದ ತಾನು ಅಳೆದ ಕೋನವು ಕಂಪ್ಯೂಟರಿನ ಕೋನಕ್ಕೆ ಹೊಂದಲಿಲ್ಲವೆಂದು ತನ್ನ ಉತ್ತರವನ್ನೇ ಅಳಿಸಿ ಅದರದನ್ನು ಬರೆದಿಟ್ಟಳು. ಅವಳ ಅಳತೆಯು ಎರಡು ಡಿಗ್ರಿ ಮಾತ್ರ ತಪ್ಪಿತ್ತು; ಫಲಕದ ಅಂಚು ಮುಕ್ಕಾಗಿದ್ದುದೇ ಕಾರಣವೆಂದು ಆಮೇಲೆ ತಿಳಿಯಿತು. ಆ ಕಾರಣವನ್ನು ಹುಡುಕುವುದೇ ವಿಜ್ಞಾನವಾಗಿತ್ತು. ಅವಳು ಅದನ್ನು ರಬ್ಬರಿನಿಂದ ಒರಸಿಬಿಟ್ಟಿದ್ದಳು. ತಪ್ಪು ಅವಳದಲ್ಲ, ಕಂಪ್ಯೂಟರನ್ನು ಮೊದಲು ತೋರಿಸಿದ ನಮ್ಮದು.

ಈ ವರ್ಷದಿಂದ ಮೊದಲು ಸೂಜಿ ಮತ್ತು ಗಾಜು, ಅನಂತರವೇ ತೆರೆ. ತೆರೆಯನ್ನು ನೋಡಿದ ಮೇಲೆ, ಅದು ಯಾವುದನ್ನು ಬಿಟ್ಟಿದೆಯೆಂದು ಪ್ರತಿಯೊಬ್ಬಳೂ ಬರೆಯಬೇಕು. ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಮತ್ತೊಂದು ಕಂಪ್ಯೂಟರನ್ನು ಕೊಡಲು ಮುಂದಾಗಿರುವುದಕ್ಕೆ ನಾವು ಕೃತಜ್ಞರು. ಅದಕ್ಕಿಂತ ಮೊದಲು ಅಂಚು ಮುಕ್ಕಾಗದ ಹನ್ನೆರಡು ಗಾಜಿನ ಫಲಕಗಳನ್ನೂ, ಪ್ರಯೋಗಶಾಲೆಯ ಕಿಟಕಿಗಳಿಗೆ ಕಪ್ಪು ಪರದೆಗಳನ್ನೂ ದಯಪಾಲಿಸಬೇಕೆಂದು ಬೇಡುವೆವು.