ಹುಚ್ಚುದೊರೆಯ ದ್ವೀಪ ಮತ್ತು ಎರಡೂವರೆ ಡಾಲರ್‌ನ ಕುದುರೆ ಕವಚ

2025ರ ಏಪ್ರಿಲ್ 22ರಂದು ಅಮೆರಿಕದ ಬೆಥೆಸ್ಡಾ ಕಂಪನಿ ಒಂದು ಗೇಮ್ ಅನ್ನು ಘೋಷಿಸಿದ ದಿನವೇ ಮಾರಾಟಕ್ಕೂ ಬಿಟ್ಟಿತು. ಅದರ ಹೆಸರು ‘ದಿ ಎಲ್ಡರ್ ಸ್ಕ್ರಾಲ್ಸ್ 4: ಆಬ್ಲಿವಿಯನ್ ರೀಮಾಸ್ಟರ್ಡ್’. ಕಥೆ ಹೊಸದಲ್ಲ. 2006ರ ಮಾರ್ಚ್‌ನಲ್ಲಿ ಬಂದಿದ್ದ ಆಬ್ಲಿವಿಯನ್‌ಗೆ ಈ ಕಾಲದ ಚಿತ್ರಣ ತೊಡಿಸಿದ್ದರು ಅಷ್ಟೇ. ಕೆಲವೇ ದಿನಗಳಲ್ಲಿ 40 ಲಕ್ಷಕ್ಕೂ ಹೆಚ್ಚು ಜನ ಆಡಿದ್ದಾರೆ ಎಂದು ಕಂಪನಿ ಹೇಳಿಕೊಂಡಿತು.

ಹತ್ತೊಂಬತ್ತು ವರ್ಷ ಹಳೆಯ ಗೇಮ್‌ಗೆ ಇಷ್ಟು ಜನ ಮುಗಿಬಿದ್ದದ್ದೇಕೆ? ‘ಹಳಹಳಿಕೆ, ಬಾಲ್ಯದ ನೆನಪು’ ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿದೆ. ನನಗೆ ಈ ಉತ್ತರ ಸಾಲದು. 2006ರಲ್ಲಿ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ. ಆಬ್ಲಿವಿಯನ್ ಆಡಿದ್ದು ಎಷ್ಟೋ ವರ್ಷಗಳ ನಂತರ, ಕಾಲೇಜಿನ ದಿನಗಳಲ್ಲಿ, ಹಳೆಯ ಗೇಮ್‌ಗಳನ್ನಷ್ಟೇ ಎಳೆಯಬಲ್ಲ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನಲ್ಲಿ. ಆದರೂ ಈ ಸುದ್ದಿ ಓದಿದಾಗ ಮೊದಲು ಹುಡುಕಿದ್ದು ಒಂದೇ ಸಂಗತಿ: ‘ಶಿವರಿಂಗ್ ಐಲ್ಸ್’ ಇದೆಯೇ? ಇತ್ತು. ನನ್ನದಲ್ಲದ ಕಾಲದ ವಸ್ತುವೊಂದಕ್ಕೆ ನಾನೂ ಹಂಬಲಿಸುತ್ತೇನೆಂದರೆ, ನಾನು ಬಯಸುತ್ತಿರುವುದು ಬಾಲ್ಯವನ್ನಲ್ಲ, ಬೇರೇನನ್ನೋ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಆಬ್ಲಿವಿಯನ್ ಒಂದು ಫ್ಯಾಂಟಸಿ ರೋಲ್ ಪ್ಲೇಯಿಂಗ್ ಗೇಮ್. ನಾವೇ ಒಂದು ಪಾತ್ರವಾಗಿ, ವಿಶಾಲ ಕಲ್ಪಿತ ರಾಜ್ಯದಲ್ಲಿ ಬೇಕಾದ ಕಡೆ ಅಲೆಯಬಹುದು. ಶಿವರಿಂಗ್ ಐಲ್ಸ್ ಎಂಬುದು 2007ರ ಮಾರ್ಚ್‌ನಲ್ಲಿ ಬಂದ ಅದರ ಎಕ್ಸ್‌ಪಾನ್ಶನ್, ಅಂದರೆ ಮೂಲ ಗೇಮ್‌ಗೆ ಜೋಡಿಸಿಕೊಳ್ಳುವ ದೊಡ್ಡ ಮುಂದುವರಿಕೆ. ಒಂದು ಕೊಲ್ಲಿಯ ನಡುವೆ ಪುಟ್ಟ ದ್ವೀಪ, ಅದರ ಮೇಲೆ ಮೂರು ಮುಖಗಳ ಕಲ್ಲಿನ ಬಾಗಿಲು. ಒಳಹೊಕ್ಕರೆ ಕೋಣೆಯೊಂದರಲ್ಲಿ ಹ್ಯಾಸ್ಕಿಲ್ ಎಂಬ ನಿರ್ವಿಕಾರ ಕಾರಭಾರಿ ಕೂತಿರುತ್ತಾನೆ. ಮಾತು ಮುಗಿಯುತ್ತಿದ್ದಂತೆ ಕೋಣೆಯ ಗೋಡೆಗಳು ಚಿಟ್ಟೆಗಳಾಗಿ ಹಾರಿಹೋಗುತ್ತವೆ. ಎದುರಿಗೆ ಹುಚ್ಚಿನ ಅಧಿದೇವತೆ ಶಿಯೋಗೊರಾತ್‌ನ ರಾಜ್ಯ.

ಆ ರಾಜ್ಯದ ಅರ್ಧಭಾಗ ‘ಮೇನಿಯಾ’: ಕಣ್ಣು ಕುಕ್ಕುವ ಬಣ್ಣ, ಮರದೆತ್ತರದ ಅಣಬೆಗಳು. ಇನ್ನರ್ಧ ‘ಡಿಮೆನ್ಶಿಯಾ’: ಕತ್ತಲು, ಜೌಗು, ಸಂಶಯ. ರಾಜಧಾನಿಯೂ ಹೀಗೇ ಎರಡಾಗಿ ಸೀಳಿಕೊಂಡಿದೆ. ಕಾಲಕಾಲಕ್ಕೆ ಈ ರಾಜ್ಯದ ಮೇಲೆ ದಂಡೆತ್ತಿ ಬಂದು ಎಲ್ಲವನ್ನೂ ನೆಲಸಮ ಮಾಡುವವನು ಶಿಸ್ತಿನ ಅಧಿದೇವತೆ ಜಿಗ್ಗಲಾಗ್. ಕೊನೆಯಲ್ಲಿ ಗೊತ್ತಾಗುವುದೇನೆಂದರೆ ಹುಚ್ಚುದೊರೆ ಮತ್ತು ಶಿಸ್ತಿನ ದೊರೆ ಇಬ್ಬರೂ ಒಬ್ಬನೇ. ಅವನ ಬಲಕ್ಕೆ ಹೆದರಿದ ಉಳಿದ ದೇವತೆಗಳು ಹುಚ್ಚನಾಗು ಎಂದು ಶಪಿಸಿದ್ದರು. ಆ ಸಿಂಹಾಸನದ ಮೇಲೆ ಕಡೆಗೆ ಕೂರುವವರು ಆಟಗಾರರಾದ ನಾವೇ. ಮೂಲ ಗೇಮ್‌ನ ಕಾಡು, ಕೋಟೆಗಳನ್ನೇ ಹಿಗ್ಗಿಸದೆ ಬೇರೆಯೇ ಒಂದು ಲೋಕವನ್ನು ಆದಿಯಿಂದ ಅಂತ್ಯದವರೆಗೆ ಕಟ್ಟಿಕೊಟ್ಟಿದ್ದು ಶಿವರಿಂಗ್ ಐಲ್ಸ್‌ನ ಹೆಚ್ಚುಗಾರಿಕೆ.

ಇದೇ ಗೇಮ್‌ಗೆ ಇನ್ನೊಂದು ಕಥೆಯೂ ಇದೆ. ಶಿವರಿಂಗ್ ಐಲ್ಸ್‌ಗಿಂತ ಸುಮಾರು ಒಂದು ವರ್ಷ ಮೊದಲು, 2006ರ ಏಪ್ರಿಲ್‌ನಲ್ಲಿ, ಬೆಥೆಸ್ಡಾ ಕುದುರೆಗೆ ತೊಡಿಸುವ ಕವಚವೊಂದನ್ನು ಪ್ರತ್ಯೇಕವಾಗಿ ಮಾರಿತು. ಎಕ್ಸ್‌ಬಾಕ್ಸ್‌ನಲ್ಲಿ ಅದರ ಬೆಲೆ ಎರಡೂವರೆ ಡಾಲರ್. ‘ಇದಕ್ಕೂ ದುಡ್ಡೇ?’ ಎಂದು ಜಗತ್ತಿನ ಗೇಮರ್‌ಗಳೆಲ್ಲ ನಕ್ಕರು. ನಗುತ್ತಲೇ ಬಹಳ ಜನ ಕೊಂಡರು ಕೂಡ.

ಈಗ ಲೆಕ್ಕ ಹಾಕಿ. ಶಿವರಿಂಗ್ ಐಲ್ಸ್‌ನ ಬೆಲೆ ಸುಮಾರು 30 ಡಾಲರ್, ಅಂದರೆ ಹನ್ನೆರಡು ಕುದುರೆ ಕವಚಗಳ ದುಡ್ಡು. ಒಂದು ಕಡೆ ಬರಹಗಾರರು, ಕಲಾವಿದರು, ಧ್ವನಿ ನಟರು ಸೇರಿ ತಿಂಗಳುಗಟ್ಟಲೆ ದುಡಿದು ಕಟ್ಟಿದ ಲೋಕ. ಇನ್ನೊಂದು ಕಡೆ ಕುದುರೆಯ ಮೈಮೇಲಿನ ಹೊದಿಕೆ. ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಯಾವುದರಲ್ಲಿ ಲಾಭ ಹೆಚ್ಚು, ಶ್ರಮ ಕಡಿಮೆ ಎಂದು ಹೇಳಬೇಕಿಲ್ಲ. ಮುಂದಿನ ವರ್ಷಗಳಲ್ಲಿ ಗೇಮಿಂಗ್ ಉದ್ಯಮದ ದೊಡ್ಡ ಪಾಲು ನಡೆದದ್ದು ಕುದುರೆ ಕವಚದ ದಾರಿಯಲ್ಲೇ. ಇಂದು ಮೊಬೈಲ್‌ನಲ್ಲಿ ಆಡುವ ಯಾವ ಗೇಮ್ ತೆರೆದರೂ ಬಟ್ಟೆ, ಬಂದೂಕಿನ ಬಣ್ಣ, ಕುಣಿತದ ಭಂಗಿ ಎಲ್ಲಕ್ಕೂ ಬೆಲೆಪಟ್ಟಿ ಇರುತ್ತದೆ. ಗೇಮ್ ಪುಕ್ಕಟೆ, ಆದರೆ ಖರ್ಚು ಎಂದೂ ಮುಗಿಯದು.

ಹಾಗಾಗಿ ಶಿವರಿಂಗ್ ಐಲ್ಸ್‌ಗಾಗಿ ಹಂಬಲಿಸುವವರು ನಿಜಕ್ಕೂ ನೆನೆಯುತ್ತಿರುವುದು ಒಂದು ಬಗೆಯ ಕೊಡುಕೊಳ್ಳುವಿಕೆಯನ್ನು ಎಂದು ನನಗನಿಸುತ್ತದೆ. ಪೂರ್ತಿಯಾಗಿ ಮಾಡು, ಒಮ್ಮೆ ಬೆಲೆ ಹೇಳು, ಕೊಂಡ ಮೇಲೆ ಅದು ನನ್ನದು. ಈ ಬಯಕೆ ಹಳಬರದ್ದು ಮಾತ್ರವೂ ಅಲ್ಲ. 2024ರ ಜೂನ್‌ನಲ್ಲಿ ಬಂದ ‘ಎಲ್ಡನ್ ರಿಂಗ್’ ಗೇಮ್‌ನ ಎಕ್ಸ್‌ಪಾನ್ಶನ್ ಮೂರೇ ದಿನಗಳಲ್ಲಿ 50 ಲಕ್ಷ ಪ್ರತಿ ಮಾರಾಟವಾಯಿತು. ದೊಡ್ಡದಾಗಿ, ಶ್ರದ್ಧೆಯಿಂದ ಮಾಡಿದರೆ ಕೊಳ್ಳುವವರು ಈಗಲೂ ಇದ್ದಾರೆ.

‘ಕೊಂಡ ಮೇಲೆ ನನ್ನದು’ ಎಂಬ ಮಾತು ಈಗ ಕಾನೂನಿನ ಪ್ರಶ್ನೆಯೂ ಆಗಿದೆ. ಫ್ರಾನ್ಸ್‌ನ ಯೂಬಿಸಾಫ್ಟ್ ಕಂಪನಿ 2014ರಲ್ಲಿ ಮಾರಿದ್ದ ‘ದಿ ಕ್ರೂ’ ಎಂಬ ಕಾರು ರೇಸಿಂಗ್ ಗೇಮ್‌ನ ಸರ್ವರ್‌ಗಳನ್ನು 2024ರ ಮಾರ್ಚ್ ಕೊನೆಗೆ ಮುಚ್ಚಿತು. ಒಬ್ಬರೇ ಆಡುವುದಕ್ಕೂ ಸರ್ವರ್ ಬೇಕಿದ್ದ ಗೇಮ್ ಅದು. ಹಣ ಕೊಟ್ಟು ಕೊಂಡವರ ಕೈಯಲ್ಲಿ ಉಳಿದದ್ದು ಬರೀ ಡಬ್ಬಿ. ಇದನ್ನು ವಿರೋಧಿಸಿ ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಭಿಯಾನ ಆರಂಭಿಸಿದರು. ಅದರ ಬೆನ್ನಿಗೆ ಯುರೋಪಿನ ನಾಗರಿಕರು ಅಲ್ಲಿನ ಒಕ್ಕೂಟಕ್ಕೆ ಸಲ್ಲಿಸಲು ಸಿದ್ಧಪಡಿಸಿದ ಮನವಿಯ ಸಹಿಗಳು 2025ರ ಜುಲೈನಲ್ಲಿ 10 ಲಕ್ಷ ದಾಟಿದವು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಹೊಸ ಕಾನೂನು ಜಾರಿಗೆ ಬಂತು. ಡಿಜಿಟಲ್ ವಸ್ತುವನ್ನು ಮಾರುವಾಗ ಗ್ರಾಹಕರಿಗೆ ಸಿಗುವುದು ಬಳಸುವ ಪರವಾನಗಿ ಮಾತ್ರವಾಗಿದ್ದರೆ, ಅದನ್ನು ಮೊದಲೇ ಸ್ಪಷ್ಟವಾಗಿ ತಿಳಿಸಬೇಕು ಎನ್ನುತ್ತದೆ ಅದು.

ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಗೇಮ್‌ಗಳಲ್ಲಿ ಶೇ 87ರಷ್ಟು ಈಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಆಬ್ಲಿವಿಯನ್ ಉಳಿದ ಅದೃಷ್ಟವಂತ ಗುಂಪಿಗೆ ಸೇರಿದ್ದು. ಅದಕ್ಕೆ ಸರ್ವರ್ ಬೇಕಿರಲಿಲ್ಲ, ಇಂಟರ್‌ನೆಟ್ ಇಲ್ಲದೆಯೂ ಶಿವರಿಂಗ್ ಐಲ್ಸ್ ತೆರೆದುಕೊಳ್ಳುತ್ತಿತ್ತು. ಹಾಗಿದ್ದದ್ದರಿಂದಲೇ ಅಷ್ಟು ವರ್ಷಗಳ ನಂತರ, ಆ ಹಳೆಯ ಲ್ಯಾಪ್‌ಟಾಪ್‌ನಲ್ಲಿ, ನನ್ನಂಥವನಿಗೂ ಅದು ದಕ್ಕಿತು. ಇಂದಿನ ಗೇಮ್‌ಗಳಲ್ಲಿ ಎಷ್ಟು ಇಪ್ಪತ್ತು ವರ್ಷದ ನಂತರದ ಹುಡುಗ ಹುಡುಗಿಯರಿಗೆ ಹೀಗೆ ಸಿಗುತ್ತವೆ?

ಹಾಗೆಂದು ಹಳೆಯದೆಲ್ಲ ಚಿನ್ನವೂ ಅಲ್ಲ. ಶಿವರಿಂಗ್ ಐಲ್ಸ್ ಕಟ್ಟಿದ ಕಂಪನಿಯೇ ಕುದುರೆ ಕವಚವನ್ನೂ ಮಾರಿತ್ತು ಎಂಬುದನ್ನು ಮರೆಯುವಂತಿಲ್ಲ. ರೀಮಾಸ್ಟರ್‌ನಲ್ಲೂ ಎರಡೂ ಇವೆ. 50 ಡಾಲರ್‌ನ ಸಾಮಾನ್ಯ ಆವೃತ್ತಿಯಲ್ಲೇ ಶಿವರಿಂಗ್ ಐಲ್ಸ್ ಸೇರಿದೆ. ಇನ್ನೂ 10 ಡಾಲರ್ ಕೊಟ್ಟು ಡಿಲಕ್ಸ್ ಆವೃತ್ತಿ ಕೊಂಡರೆ ಸಿಗುವ ವಸ್ತುಗಳಲ್ಲಿ ಹೊಸ ಕುದುರೆ ಕವಚವೂ ಒಂದು! ಜನ ನಕ್ಕಿದ್ದನ್ನೇ ಕಂಪನಿ ಮತ್ತೆ ಮಾರಾಟದ ಸರಕು ಮಾಡಿಕೊಂಡಿತು. ಹಳಹಳಿಕೆಯ ಅಪಾಯ ಇದೇ. ನೆನಪಿನ ಭರದಲ್ಲಿ ನಾವು ಒಳ್ಳೆಯದು, ಕೆಟ್ಟದ್ದು ಎರಡನ್ನೂ ಒಂದೇ ಬಿಲ್ಲಿನಲ್ಲಿ ಕೊಂಡುಬಿಡುತ್ತೇವೆ.

ಕೆಲಸ ಹುಡುಕುತ್ತಿರುವ ನಮ್ಮಂಥವರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಈ ರೀಮಾಸ್ಟರ್ ಅನ್ನು ಬೆಥೆಸ್ಡಾ ಜತೆ ಸೇರಿ ಮಾಡಿದ್ದು ವರ್ಚುಯೋಸ್, ಸಿಂಗಪುರದಲ್ಲಿ ನೆಲೆಯಿರುವ ಕಂಪನಿ. ಬೇರೆಯವರ ಗೇಮ್‌ಗಳಿಗೆ ಚಿತ್ರ, ಮಾದರಿ, ಕೋಡ್ ಒದಗಿಸುವುದೇ ಅದರ ಕಸುಬು. ನಮ್ಮ ಬೆಂಗಳೂರಿಗೂ ಈ ಕಸುಬು ಹೊಸದಲ್ಲ. 1997ರಲ್ಲಿ ಇಲ್ಲಿ ಶುರುವಾದ ಧ್ರುವ ಇಂಟರ್‍ಯಾಕ್ಟಿವ್ ವಿದೇಶಿ ಗೇಮ್‌ಗಳಿಗೆ ಚಿತ್ರಕೆಲಸ ಮಾಡಿಕೊಟ್ಟೇ ಬೆಳೆಯಿತು. ಅನಿಮೇಷನ್, ಗೇಮ್ ಆರ್ಟ್ ಕೋರ್ಸ್‌ಗೆ ಸೇರುವ ಅನೇಕರ ಕಣ್ಣು ಇಂಥ ಕೆಲಸದ ಮೇಲೇ ಇರುತ್ತದೆ. ಆದರೆ ರೀಮಾಸ್ಟರ್ ಯಶಸ್ಸು ಕಂಡ ಮೂರೇ ತಿಂಗಳಿಗೆ, 2025ರ ಜುಲೈನಲ್ಲಿ, ವರ್ಚುಯೋಸ್ ತನ್ನ ಸುಮಾರು ಶೇ 7ರಷ್ಟು, ಅಂದರೆ 270ರಷ್ಟು ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಿತು. ಗೇಮ್ ಗೆದ್ದರೆ ಅದನ್ನು ಮಾಡಿದವರ ಕೆಲಸ ಭದ್ರ ಎನ್ನುವಂತಿಲ್ಲ. ಈ ಕ್ಷೇತ್ರಕ್ಕೆ ಬರುವವರು ತಂತ್ರಾಂಶದ ಜತೆಗೆ ಈ ಪಾಠವನ್ನೂ ಕಲಿತು ಬರುವುದು ಒಳ್ಳೆಯದು.

ನಮ್ಮ ದೇಶದಲ್ಲಿ 2025ರಲ್ಲಿ ಆನ್‌ಲೈನ್ ಗೇಮಿಂಗ್‌ಗೆ ಕಾನೂನು ಬಂದಾಗ ಚರ್ಚೆಯೆಲ್ಲ ದುಡ್ಡು ಕಟ್ಟಿ ಆಡುವ ಆಟಗಳ ಸುತ್ತಲೇ ನಡೆಯಿತು. ಅದು ಬೇಕಾದ ಚರ್ಚೆಯೇ, ಎಷ್ಟೋ ಮನೆಗಳು ಅದರಿಂದ ಹಾಳಾಗಿವೆ. ಆದರೆ ದುಡ್ಡು ಕೊಟ್ಟು ಕೊಂಡ ಗೇಮ್, ಇ-ಪುಸ್ತಕ, ಸಿನಿಮಾ ನಮ್ಮ ಬಳಿ ಎಷ್ಟು ದಿನ ಉಳಿಯುತ್ತವೆ ಎಂಬುದನ್ನು ನಾವಿನ್ನೂ ಕೇಳಲು ಶುರುಮಾಡಿಲ್ಲ. ಪಾಕೆಟ್ ಮನಿ ಕೂಡಿಸಿ ಕೊಳ್ಳುವವರಿಗೆ ಈ ಪ್ರಶ್ನೆ ಸಣ್ಣದಲ್ಲ.

ಮುಂದಿನ ಸಲ ಗೇಮ್ ಕೊಳ್ಳುವ ಮುನ್ನ ಎರಡು ವಿಷಯ ನೋಡಿ. ಇಂಟರ್‌ನೆಟ್ ಇಲ್ಲದೆ ಇದು ನಡೆಯುತ್ತದೆಯೇ? ಕಂಪನಿ ಸರ್ವರ್ ಮುಚ್ಚಿದರೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ? ಉತ್ತರ ತೃಪ್ತಿ ಕೊಟ್ಟರೆ ಕೊಳ್ಳಿ, ಇಲ್ಲವೆಂದರೆ ಬಿಡಿ. ಯುರೋಪಿನ ಗೇಮರ್‌ಗಳು ಹಳೆಯ ಗೇಮ್‌ಗಳ ಮೇಲಿನ ಪ್ರೀತಿಯನ್ನು ಸಹಿಯಾಗಿಸಿ ಸರ್ಕಾರದ ಬಾಗಿಲಿಗೆ ಒಯ್ದಿದ್ದಾರೆ. ನಾವು ಕನಿಷ್ಠ ಕೊಳ್ಳುವ ಮುನ್ನ ಕೇಳುವ ಅಭ್ಯಾಸವನ್ನಾದರೂ ಶುರು ಮಾಡಬಹುದು.