ಸಂಶೋಧನ ವಿದ್ಯಾರ್ಥಿಯ ಕಾಯಕ

ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿಗಾಗಿ ಶ್ರಮಿಸುವ ವಿದ್ಯಾರ್ಥಿಯನ್ನು ಬಂಧುಬಳಗದವರು ಕೇಳುವ ಪ್ರಶ್ನೆ ಒಂದೇ: "ಓದು ಮುಗಿಯುವುದೆಂದು? ಸಂಪಾದನೆ ಆರಂಭವಾಗುವುದೆಂದು?" ಪ್ರಶ್ನೆಯಲ್ಲಿ ಮಮತೆಯುಂಟು, ವಿದ್ಯಾರ್ಥಿಯ ದಿನಚರಿಯ ಅರಿವು ಇಲ್ಲ. ಆ ದಿನಚರಿ ಎಂಥದೆಂಬುದಕ್ಕೆ ಸಾಕ್ಷ್ಯವನ್ನು ದೂರದಲ್ಲಿ ಅರಸಬೇಕಿಲ್ಲ. ಕೋಲಾರ ಸೀಮೆಯ ನೆಲವೇ ಅದನ್ನು ತನ್ನ ಒಡಲಲ್ಲಿ ಇರಿಸಿಕೊಂಡಿದೆ.

ನಂಜನಗೂಡಿನ ಬಳಿ ಜನಿಸಿದ ಬಿ. ವಿ. ಶ್ರೀಕಂಠನ್ ಅವರು 1948ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿದರು. ಹೋಮಿ ಭಾಭಾ ಅವರ ಶಿಷ್ಯರಾಗಿ, 1951ರಲ್ಲಿ ಉಪಕರಣಗಳೊಡನೆ ಕೋಲಾರದ ಚಿನ್ನದ ಗಣಿಗೆ ಇಳಿದರು. ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಕಣಗಳು ನೆಲದೊಳಗೆ ಎಷ್ಟು ಆಳಕ್ಕೆ ಎಷ್ಟು ಇಳಿಯುತ್ತವೆಂದು ಎಣಿಸುವುದೇ ಅವರ ಕಾರ್ಯ. ಉಪಕರಣವನ್ನು ಹೂಡುವುದು, ಕೆಟ್ಟುದನ್ನು ಸರಿಪಡಿಸುವುದು, ಎಣಿಕೆಯನ್ನು ಬರೆದಿಡುವುದು, ಮರುದಿನ ಮತ್ತೆ ಅದನ್ನೇ ಮಾಡುವುದು: ಇಂಥ ಪ್ರಯೋಗದ ದಿನಚರಿಯಲ್ಲಿ ಇದಕ್ಕಿಂತ ಹೆಚ್ಚಿನ ಬೆಡಗಿಲ್ಲ. 1954ರಲ್ಲಿ ಅವರಿಗೆ ಡಾಕ್ಟರೇಟ್ ಲಭಿಸಿತು.

1960ರ ದಶಕದ ಆರಂಭದಲ್ಲಿ ಈ ತಂಡದವರು ಇನ್ನೂ ಆಳಕ್ಕೆ ಹೋದರು. ಅತ್ಯಂತ ಆಳದ ನೆಲೆಯಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದು ಮ್ಯೂಆನ್ ಕೂಡ ದಾಖಲಾಗಲಿಲ್ಲ. ಲೋಕದ ದೃಷ್ಟಿಯಲ್ಲಿ ಅದು ವ್ಯರ್ಥಶ್ರಮ. ಆದರೆ ಆ ಶೂನ್ಯವೇ ಮುಂದಿನ ಶೋಧಕ್ಕೆ ಅಡಿಗಲ್ಲಾಯಿತು. ಬೇರೆ ಕಣಗಳ ಗದ್ದಲವಿಲ್ಲದ ಅಂಥ ಆಳದಲ್ಲಿ, ಬಂಡೆಯನ್ನೆಲ್ಲ ದಾಟಿ ಬರಬಲ್ಲ ನ್ಯೂಟ್ರಿನೊಗಳ ಕುರುಹನ್ನು ಹಿಡಿಯಬಹುದೆಂಬ ಭರವಸೆ ಮೂಡಿತು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯ ಸುಮಾರು 7,600 ಅಡಿ ಆಳದಲ್ಲಿ ಭಾರತ, ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು ವಾಯುಮಂಡಲದಲ್ಲಿ ಜನಿಸಿದ ನ್ಯೂಟ್ರಿನೊಗಳನ್ನು ಪತ್ತೆಹಚ್ಚಿದರು. 2001ರಲ್ಲಿ ಗಣಿ ಮುಚ್ಚಿತು. ಆ ಎಣಿಕೆ ಮಾತ್ರ ವಿಜ್ಞಾನದ ಚರಿತ್ರೆಯಲ್ಲಿ ಉಳಿಯಿತು.

ಇಂದಿನ ಸಂಶೋಧನ ವಿದ್ಯಾರ್ಥಿಯೂ ಗಣಿಯ ಬದಲು ಪ್ರಯೋಗಾಲಯದಲ್ಲಿ, ಗಣಕದ ಮುಂದೆ, ಇಂಥದೇ ನಿಷ್ಫಲವೆನಿಸುವ ದಿನಗಳನ್ನು ದಾಟಬೇಕಾಗಿದೆ. ಕೇಂದ್ರದ ಅರ್ಹತಾ ಪರೀಕ್ಷೆಯಲ್ಲಿ ಕಿರಿಯ ಸಂಶೋಧನ ವೇತನಕ್ಕೆ ಆಯ್ಕೆಯಾದವರಿಗೆ ಆಸರೆಯುಂಟು. 2023ರಲ್ಲಿ ಆ ವೇತನ ತಿಂಗಳಿಗೆ 37,000 ರೂಪಾಯಿಗೆ ಏರಿತು. ಆಯ್ಕೆಯಾಗದವರ ಪಾಡು ಬೇರೆ. ಮಾಲೂರು, ಮುಳಬಾಗಿಲಿನ ಹಳ್ಳಿಗಳಿಂದ ಹೊರಟ ಬಡ ಕುಟುಂಬದ ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ಮೂರನೆಯ ವರ್ಷದಲ್ಲಿ ಮನೆಯವರ ಒತ್ತಾಯಕ್ಕೆ ಮಣಿದು ಹಿಂದಿರುಗಿದರೆ ನಷ್ಟವಾಗುವುದು ಅವರೊಬ್ಬರಿಗೇ ಅಲ್ಲ.

ಶ್ರೀನಿವಾಸಪುರದ ಮಾವಿನ ಬೆಳೆಗಾರನು ಮೊದಲ ವರ್ಷವೇ ಹಣ್ಣು ಬಿಡಲಿಲ್ಲವೆಂದು ಸಸಿಯನ್ನು ಕೀಳುವುದಿಲ್ಲ, ನೀರೆರೆದು ಕಾಯುತ್ತಾನೆ. ದಾನಿಗಳ ದತ್ತಿಗಳು ಬಹುಮಟ್ಟಿಗೆ ಹೆಚ್ಚು ಅಂಕ ಪಡೆದವರಿಗೆ ವಾರ್ಷಿಕೋತ್ಸವದ ದಿನ ಸಲ್ಲುವ ಪುರಸ್ಕಾರಗಳಾಗಿವೆ. ಅವು ಇರಲಿ. ಆದರೆ ಫಲ ಕಾಣದ ವರ್ಷಗಳಲ್ಲಿ ವಿದ್ಯಾರ್ಥಿಯ ಕೈಹಿಡಿಯುವ, ಐದು ವರ್ಷ ನಿಲ್ಲದೆ ನಡೆಯುವ ದತ್ತಿಯೊಂದು ಇಂದು ಅತ್ಯಗತ್ಯ. ಉಪಾಧ್ಯಾಯರೂ ಹಳೆಯ ವಿದ್ಯಾರ್ಥಿಗಳೂ ಅಂಥವರ ಮನೆಗಳಿಗೆ ತೆರಳಿ ಹಿರಿಯರಿಗೆ ತಿಳಿಯಹೇಳಬೇಕು. ಕಾಯಕವನ್ನು ಕೂಲಿಯಿಂದಲೇ ಅಳೆಯದ ಪರಂಪರೆಗೆ ಇದು ಕಠಿನವಲ್ಲ. ಶೂನ್ಯವನ್ನು ಶ್ರದ್ಧೆಯಿಂದ ಎಣಿಸುವುದೂ ಕಾಯಕವೇ. ಅದನ್ನು ಪೊರೆಯುವುದು ದಾಸೋಹವೇ.